ನೊರೆಯ ಗೋಡೆ

ತಳಕು ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವವರು ವೆಂಕಣ್ಣಯ್ಯನವರು, ತ.ರಾ.ಸು. ಅವರು. ತ.ರಾ.ಸು. ಚಿತ್ರದುರ್ಗದ ಕಲ್ಲಿನ ಕೋಟೆಯನ್ನು ‘ದುರ್ಗಾಸ್ತಮಾನ’ದಲ್ಲಿ ಮಾತಿನಿಂದ ಕಟ್ಟಿದರು, ಅದಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ತಳಕಿನಲ್ಲಿ ಕುಳಿತು ನಾನು ನೊರೆಯಿಂದ ಗೋಡೆ ಕಟ್ಟುತ್ತಿದ್ದೇನೆ. ಪ್ರಶಸ್ತಿಯ ಮಾತು ಹಾಗಿರಲಿ, ಮನೆಯವರ ಮೆಚ್ಚುಗೆಯೂ ಇನ್ನೂ ಬಂದಿಲ್ಲ. “ಅರವತ್ತು ದಾಟಿದ ಮೇಲೆ ಆಟದ ರೈಲೇನೋ ನಿನಗೆ?” ಎಂದು ಅಕ್ಕ ಕೇಳಿದಳು.

ಆಟದ ರೈಲೇ ಸರಿ. ಚಿತ್ರದುರ್ಗದಿಂದ ರಾಯದುರ್ಗಕ್ಕೆ ಹೋಗುವ ಹಳಿ ನಮ್ಮ ಸೀಮೆಯನ್ನು ಹಾದುಹೋಗುತ್ತದೆ. ಅದರ ಒಂದು ತುಣುಕನ್ನು, ಸುತ್ತಲ ಹೊಲಗಳ ಸಮೇತ, 87ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ ಮೇಜಿನ ಮೇಲೆ ಹರವುತ್ತಿದ್ದೇನೆ. ಈ ಅಳತೆ ಪರದೇಶದವರದು. ಅವರ ಹಳಿಯ ಅಗಲ 1,435 ಮಿಲಿಮೀಟರ್. ಆಟದಲ್ಲಿ ಅದು 16.5. ನಮ್ಮ ಬ್ರಾಡ್‌ಗೇಜ್ 1,676. ಲೆಕ್ಕದಂತೆ 19 ದಾಟಬೇಕು. ನನಗೆ ಸಿಕ್ಕಿದ್ದು 16.5ರದೇ ಆದ್ದರಿಂದ ನನ್ನ ರೈಲು ಸ್ವಲ್ಪ ಇಕ್ಕಟ್ಟಿನಲ್ಲೇ ಸಂಸಾರ ಹೂಡಿದೆ.

ಆದರೆ ನನಗೆ ಬೇಕಾದದ್ದು ರೈಲಲ್ಲ, ಹಳಿಗೆ ಹತ್ತಿರದ ಗೋಡೆ. ನಮ್ಮ ಹೊಲಕ್ಕೂ ದಾಯಾದಿಗಳ ಹೊಲಕ್ಕೂ ನಡುವೆ ಗಾರೆಯನ್ನೇ ಕಾಣದ ಕಲ್ಲುಗೋಡೆಯೊಂದಿದೆ. ನಾಲ್ಕಡಿ ಎತ್ತರ, ಎರಡಡಿ ದಪ್ಪ. ಈಗ ಅದನ್ನು ಕಿತ್ತು ಕಲ್ಲು ಮಾರುತ್ತಿದ್ದಾರೆ. ಆ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ ಬರಲಿದೆ. ಮಾರುವ ಹಕ್ಕು ನನ್ನೊಬ್ಬನದಲ್ಲ, ಬೇಡವೆನ್ನುವ ಹಕ್ಕೂ ನನ್ನೊಬ್ಬನದಲ್ಲ. ಟ್ರಾಕ್ಟರಿಗಿಂತ ಒಂದು ಮಾರು ಮುಂದಿದ್ದುಕೊಂಡು ಅಳೆದು ಬರೆದುಕೊಳ್ಳುವುದಷ್ಟೇ ನನಗೆ ಉಳಿದ ಕೆಲಸ.

ನೊರೆ ಎಂದರೆ ಸೋಪಿನ ನೊರೆಯಲ್ಲ. ಮದುವೆ ಮಂಟಪಕ್ಕೂ ಗಣಪತಿಯ ಹಿಂದಿನ ಪ್ರಭಾವಳಿಗೂ ಬಳಸುವ ಥರ್ಮಾಕೋಲ್ ಎಲ್ಲರಿಗೂ ಗೊತ್ತು. ಅದರ ಮೈ ಸಾಬಕ್ಕಿಯ ಕಾಳು ಒತ್ತಿದಂತೆ. ಕೊರೆಯ ಹೊರಟರೆ ಕಾಳು ಕಿತ್ತುಬರುತ್ತದೆ. ಅದೇ ಪಾಲಿಸ್ಟೈರೀನನ್ನು ಕರಗಿಸಿ, ಅನಿಲ ಬೆರೆಸಿ, ಅಚ್ಚಿನ ಬಾಯಿಂದ ಹೊರದೂಡಿ ಮಾಡಿದ ಹಲಗೆ ಬೇರೆ ಜಾತಿಯದು. ತಾರಸಿಗೆ ಬಿಸಿಲಿನ ಝಳ ಇಳಿಯದಿರಲೆಂದು ಹಾಸುವುದುಂಟು. ಅದರ ಮೈ ನಯ. ಪೆನ್ಸಿಲ್ ಒತ್ತಿದರೆ ಒತ್ತಿದಷ್ಟೇ ತಗ್ಗುತ್ತದೆ. ನಮ್ಮ ಕಲ್ಲು ಒಂದು ಘನಮೀಟರಿಗೆ 2,600 ಕಿಲೋ ತೂಗಿದರೆ ಇದು ಮೂವತ್ತೋ ನಲವತ್ತೋ.

ಒಂದಡಿ ಕಲ್ಲು ಇಲ್ಲಿ ಮೂರೂವರೆ ಮಿಲಿಮೀಟರ್. ಮೊದಲು ಪೆನ್ಸಿಲಿನಿಂದ ಸಂದುಗಳನ್ನು ಗೀರಿ, ಮಸಿ ತೀರಿದ ಬಾಲ್‌ಪೆನ್ನಿನಿಂದ ಅವನ್ನೇ ಅಗಲಿಸುತ್ತೇನೆ. ಅಲ್ಲೊಂದು ಇಲ್ಲೊಂದು ಕಲ್ಲನ್ನು ಕಡ್ಡಿಯ ತುದಿಯಿಂದ ಒಳಕ್ಕೆ ಅದುಮಿದರೆ ಪಕ್ಕದ ಕಲ್ಲು ತಾನಾಗಿ ಮುಂದೆ ಬಂದಂತೆ ಕಾಣುತ್ತದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ ಉಂಡೆ ಮಾಡಿ ಮೇಲೆ ಹೊರಳಿಸಿದೆನೆಂದರೆ ಉಳಿ ತಾಗಿದ ಒರಟು ಬಂದುಬಿಡುತ್ತದೆ. ಈ ಉಂಡೆಯ ಮುಂದೆ ಬೆಲೆಬಾಳುವ ಉಪಕರಣಗಳೆಲ್ಲ ಸುಳ್ಳು. ಡಬ್ಬಿಯಿಂದ ಚಿಮ್ಮುವ ಬಣ್ಣ ಮಾತ್ರ ಕೂಡದು. ಅದರ ದ್ರಾವಕ ಹಲಗೆಯನ್ನೇ ತಿಂದುಹಾಕುತ್ತದೆ. ನೀರಿನಲ್ಲಿ ಕಲಸುವ ಬಣ್ಣವೇ ಆಗಬೇಕು. ಬೂದು ಬಳಿದು, ಒಣಗಿದ ಮೇಲೆ ತೆಳ್ಳನೆಯ ಕರಿನೀರು ಹರಿಸಿದರೆ ಅದು ಸಂದುಗಳಲ್ಲಿ ಇಳಿದು ನಿಲ್ಲುತ್ತದೆ. ಕೊನೆಗೆ, ಬಹುಮಟ್ಟಿಗೆ ಒರೆಸಿದ ಕುಂಚದಿಂದ ತುಸು ಬಿಳಿಯನ್ನು ಉಬ್ಬುಗಳ ಮೇಲೆ ಸವರಬೇಕು.

ಪರದೇಶದವರು ಇಷ್ಟಕ್ಕೆ ಬಿಡದೆ ಪಾಚಿ ಹಚ್ಚುತ್ತಾರೆ. ಅವರ ಮಳೆಗೆ ಅದು ಸಲ್ಲುತ್ತದೆ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಕಾಣುವ ಚಳ್ಳಕೆರೆ ತಾಲ್ಲೂಕಿನಲ್ಲಿ ಗೋಡೆಗೆ ಪಾಚಿ ಹಚ್ಚಿದರೆ ಕುರಿಗಳೂ ನಕ್ಕಾವು. ನಾನು ಹೊಲದ ಮಣ್ಣನ್ನೇ ಹಳೆಯ ಪಂಚೆಯಲ್ಲಿ ಜಾಲಿಸಿ ಬುಡಕ್ಕೆ ಉದುರಿಸುತ್ತೇನೆ.

ಕಲ್ಲು ಹೇಗೆ ಕೂತಿದೆ ಎಂದು ತಿಳಿಯದೆ ಗೀರುವುದು ಹೇಗೆ? ಅದಕ್ಕೆ ಗುರು ಸಿಕ್ಕಿದ. ಕಲ್ಲು ಕೆಲಸ ಬಿಟ್ಟು ಬಹುಕಾಲವಾದ ಮುದುಕ. ಆ ಗೋಡೆ ಅವನಪ್ಪನ ಕೈಯದು. ಕಿತ್ತ ಕಲ್ಲು ಸಾಗಿಸುವ ಟ್ರಾಕ್ಟರು ಅವನ ಮಗನದು. ಇದನ್ನು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಎರಡು ಕಲ್ಲಿನ ಸಂದಿನ ಮೇಲೆ ಮೂರನೆಯದರ ಹೊಟ್ಟೆ ಬರಬೇಕು, ಸಂದಿನ ಮೇಲೆ ಸಂದು ಬಂದರೆ ಗೋಡೆ ಸೀಳುತ್ತದೆ. ಕಲ್ಲಿನ ಉದ್ದವನ್ನು ಒಳಕ್ಕೆ ಕೊಡಬೇಕು, ಹೊರಗೆ ತೋರಿಸಬಾರದು. ನಡುನಡುವೆ ಎರಡೂ ಮುಖ ಮುಟ್ಟುವ ಉದ್ದಗಲ್ಲು ಹಾಕಬೇಕು. ಅಲುಗುವ ಕಡೆ ಚಕ್ಕೆ ಬಡಿಯಬೇಕು. ಹೇಳುತ್ತ ಹೇಳುತ್ತ ಅವನ ಕೈ ಗಾಳಿಯಲ್ಲೇ ಕಲ್ಲು ತಿರುಗಿಸುತ್ತಿತ್ತು.

ಮುಗಿದ ತುಂಡೊಂದನ್ನು ಅವನಿಗೆ ತೋರಿಸಿದೆ. ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಗೋಡೆಯಲ್ಲಿ ಸೇರಿಹೋಗಿದ್ದ ಒಡೆದ ಒರಳುಕಲ್ಲನ್ನು ಗುರುತಿಸಿ, “ಅವ್ವ ಹಿಟ್ಟು ರುಬ್ಬಿದ್ದು. ಒಡೆದ ಮೇಲೆ ಅಪ್ಪ ಇಲ್ಲಿ ಸೇರಿಸಿದ” ಎಂದ. ಆಮೇಲೆ ಎರಡು ಬೆರಳಲ್ಲಿ ಎತ್ತಿ ತೂಗಿದ. ಮುಖ ಸಪ್ಪಗಾಯಿತು.

“ಮುಖ ಬಂದೈತೆ ಮೇಷ್ಟ್ರೇ. ಒಳಗೇನೂ ಇಲ್ವಲ್ಲ.”

“ಒಳಗಿನದು ನೀನು ಹೇಳು, ಬರೆದುಕೊಳ್ಳುತ್ತೇನೆ” ಎಂದೆ.

ಇನ್ನು ಹನ್ನೆರಡು ಮಾರು ಗೋಡೆ ನಿಂತಿದೆ. ಸೋಮವಾರ ಟ್ರಾಕ್ಟರು ಬರುತ್ತದಂತೆ. ನಾಳೆ ಬೆಳಿಗ್ಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಮುದುಕ ಬರುತ್ತೇನೆಂದಿದ್ದಾನೆ. ಒರಳುಕಲ್ಲನ್ನು ಮಾತ್ರ ಬೇರೆ ಇಡಲು ಮಗನಿಗೆ ಹೇಳಿದ್ದಾನಂತೆ.