ನೀರು ಖಾಲಿ ಮಾಡುವ ಹಬ್ಬ

ದೀಪಾವಳಿ ಎಂದರೆ ನನಗೆ ಮೊದಲು ನೆನಪಾಗುವುದು ಪಟಾಕಿಯಲ್ಲ, ಬಚ್ಚಲುಮನೆಯ ಹಂಡೆ. ನರಕ ಚತುರ್ದಶಿಯ ಹಿಂದಿನ ಸಂಜೆ ಅಮ್ಮ ಹುಣಸೆಹಣ್ಣು ಹಾಕಿ ಹಂಡೆ ಬೆಳಗಿ, ಕೊರಳಿಗೆ ಹೂ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಿದ್ದರು. ಅದಕ್ಕೇ ಅದು ನೀರು ತುಂಬುವ ಹಬ್ಬ. ಮಿನ್ನೆಸೋಟಾಕ್ಕೆ ಬಂದ ಮೇಲೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮಗೆ ಇನ್ನೊಂದು ಹಬ್ಬ ಗಂಟುಬಿದ್ದಿದೆ: ನೀರು ಖಾಲಿ ಮಾಡುವ ಹಬ್ಬ. ನಮ್ಮ ಟ್ರಾವೆಲ್ ಟ್ರೇಲರಿನ ಕೊಳವೆಗಳನ್ನು ಚಳಿಗಾಲಕ್ಕೆ ಸಜ್ಜು ಮಾಡುವ ದಿನ.

ಟ್ರೇಲರ್ ಎಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ. ಅಡುಗೆಗೆ ಒಲೆ, ಮಲಗಲು ಮಂಚ, ಸ್ನಾನಕ್ಕೆ ಷವರ್, ಶೌಚಾಲಯ ಎಲ್ಲವೂ ಅದರಲ್ಲಿ. 2014ರಲ್ಲಿ ನಾವೊಂದು ಹಳೆಯ ಟ್ರೇಲರ್ ಕೊಂಡದ್ದು ಶೋಕಿಗಲ್ಲ. ಮುಂದಿನ ಬೇಸಿಗೆಗೆ ಮೈಸೂರಿನಿಂದ ಅಪ್ಪ ಅಮ್ಮ ಬರುವವರಿದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಬಚ್ಚಲು ಹುಡುಕಬೇಕಾದ ದೂರದ ಪ್ರಯಾಣವೆಂದರೆ ಅವರಿಗೆ ದಿಗಿಲು. ಅಪ್ಪನಿಗೋ, ನಕಾಶೆಯಲ್ಲಿ ನೋಡಿದ್ದ ಲೇಕ್ ಸುಪೀರಿಯರ್ ಸರೋವರವನ್ನು ಕಣ್ಣಾರೆ ಕಾಣುವ ಆಸೆ.

ಆ ಅಕ್ಟೋಬರ್‌ನಲ್ಲಿ ತಾಲೀಮಿಗೆಂದು ನಾವೇ ಹೊರಟೆವು. ಅವಳಿ ನಗರಗಳಿಂದ ಡುಲೂತ್‌ಗೆ ಸುಮಾರು 150 ಮೈಲಿ. ಅಲ್ಲಿಂದ ಹೆದ್ದಾರಿ 61 ಸರೋವರದ ಅಂಚು ಹಿಡಿದು ಕೆನಡಾದ ಗಡಿಯವರೆಗೂ ಸಾಗುತ್ತದೆ. ಬಲಕ್ಕೆ ನೀರು, ಎಡಕ್ಕೆ ಹಳದಿ ತಿರುಗಿದ ಬರ್ಚ್ ಮರಗಳು. ಸರೋವರದ ವಿಸ್ತೀರ್ಣ 31,700 ಚದರ ಮೈಲಿ. ಮೇಲ್ಮೈಯ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಆಚೆ ದಡ ಕಾಣುವುದೇ ಇಲ್ಲ. ಗೂಸ್‌ಬೆರಿ ಜಲಪಾತದ ಬಳಿ ತಂಗಿದೆವು. ಮುಂದೆ ಕಡಿದಾದ ಬಂಡೆಯ ನೆತ್ತಿಯ ಮೇಲೆ ಸ್ಪ್ಲಿಟ್ ರಾಕ್ ದೀಪಸ್ತಂಭ. 1905ರ ನವೆಂಬರ್‌ನ ಬಿರುಗಾಳಿಗೆ ಈ ದಡದಲ್ಲಿ ಹಡಗುಗಳು ಒಡೆದು ಜೀವಗಳು ಹೋದ ಮೇಲೆ ಅದನ್ನು ಕಟ್ಟಿದರು. 1910ರಲ್ಲಿ ಬೆಳಗಿದ ದೀಪ 1969ರವರೆಗೆ ಕೆಲಸ ಮಾಡಿತು. ಪೆಟ್ಟು ತಿಂದ ಮೇಲೆ ದೀಪ ಹಚ್ಚುವುದು ಮನುಷ್ಯರ ಸ್ವಭಾವವೋ ಏನೋ. ನಮ್ಮ ಕಥೆಯೂ ಅದೇ.

ಸರೋವರ ನಮ್ಮನ್ನು ಮೋಸಗೊಳಿಸಿತು. ಅಷ್ಟು ನೀರು ಬೇಸಿಗೆಯ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಶರತ್ಕಾಲದ ರಾತ್ರಿ ದಡದಲ್ಲಿ ಹಿತವಾಗಿದ್ದರೂ ಕೆಲವೇ ಮೈಲಿ ಒಳಗೆ ಹಿಮ ಕಚ್ಚಿರುತ್ತದೆ. ಒಳನಾಡಿನ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಸೊನ್ನೆಗಿಂತ 60 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನ ಚಳಿ ದಾಖಲಾಗಿದೆ. ಅದು ಈ ರಾಜ್ಯದ ದಾಖಲೆ. ನಾವು ದಡದ ಹವೆಯನ್ನೇ ನಂಬಿ, "ಚಳಿಗಾಲಕ್ಕೆ ಇನ್ನೂ ಸಮಯವಿದೆ" ಎಂದುಕೊಂಡೆವು. ಊರಿಗೆ ಬಂದು ಟ್ಯಾಂಕ್ ಖಾಲಿ ಮಾಡಿ, ಒಳಗಿನ ನಲ್ಲಿಗಳನ್ನು ತಿರುಗಿಸಿ, ಊರಾಚೆಯ ಬಯಲಿನಲ್ಲಿ ಟ್ರೇಲರ್ ನಿಲ್ಲಿಸಿ ಕೈ ತೊಳೆದುಕೊಂಡೆವು.

2015ರ ಮೇ ತಿಂಗಳಲ್ಲಿ ಮನೆ ಮುಂದೆ ತಂದು ನೀರಿನ ಪೈಪ್ ಜೋಡಿಸಿದರೆ ಗೋಡೆಯೊಳಗಿಂದ 'ಸ್ಸ್' ಎಂಬ ಸದ್ದು! ಸೋಫಾದ ಕೆಳಗೆ ನೀರು. ಹೊರಗೋಡೆಯ ಸಣ್ಣ ಬಾಗಿಲಿನ ಹಿಂದೆ, ಕಾಲು ತೊಳೆಯಲೆಂದು ಒಂದು ಷವರ್ ಇದೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ಹೆಪ್ಪುಗಟ್ಟುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ಕೊಳವೆ ಕೊಂಚ ಬಾಗಿ ತಡೆದುಕೊಂಡರೂ ನಲ್ಲಿಯ ವಾಲ್ವ್, ಜಾಯಿಂಟುಗಳು ತಡೆಯುವುದಿಲ್ಲ. ಅಲ್ಲಿ ನಿಂತಿದ್ದ ಒಂದು ಲೋಟ ನೀರು ವಾಲ್ವ್ ಸೀಳಿತ್ತು. ನಾನು ಗಮನಿಸುವಷ್ಟರಲ್ಲಿ ನೆಲದ ಹಲಗೆ ನೀರು ಕುಡಿದು ಉಬ್ಬಿತು. ರಿಪೇರಿ ಅಂಗಡಿಯಲ್ಲಿ ಉದ್ದದ ಸರತಿ. ಟ್ರೇಲರ್ ವಾಪಸು ಬರುವಷ್ಟರಲ್ಲಿ ಆಗಸ್ಟ್ ಮುಗಿದಿತ್ತು, ಅಪ್ಪ ಅಮ್ಮ ವಿಮಾನ ಹತ್ತಿಯಾಗಿತ್ತು. "ಮುಂದಿನ ಸಲ ಹೋದರಾಯ್ತು ಬಿಡೋ" ಎಂದಿದ್ದರು ಅಪ್ಪ. 2016ರಲ್ಲಿ ಅಪ್ಪ ಹೋಗಿಬಿಟ್ಟರು.

ನನ್ನ ಪೇಚಾಟ ನೋಡಿದ್ದ ಪಕ್ಕದ ಮನೆಯ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಹೊರಬರುವ ಜಾಗಗಳನ್ನು ಎಣಿಸಿದ್ದೀಯಾ?" ಎಣಿಸಿರಲಿಲ್ಲ. ಅವರ ಜೊತೆ ಕೂತು ಎಣಿಸಿದೆ. ಅಡುಗೆಯ ಸಿಂಕು, ಬಚ್ಚಲ ಸಿಂಕು, ಒಳಗಿನ ಷವರ್, ಹೊರಗಿನ ಷವರ್; ಬಿಸಿ ಮತ್ತು ತಣ್ಣೀರು ಸೇರಿ ಎಂಟು. ಶೌಚಾಲಯ ಒಂಬತ್ತು. ಹೊರಗಿನಿಂದ ನೀರು ಜೋಡಿಸುವ ಬಾಯಿ ಹತ್ತು. ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆ.

2017ರಲ್ಲಿ ಅಮ್ಮ ಒಬ್ಬರೇ ಬಂದರು. ಸೆಪ್ಟೆಂಬರ್‌ನಲ್ಲಿ ಅವರನ್ನು ಟ್ರೇಲರಿನಲ್ಲೇ ಕರೆದುಕೊಂಡು ಹೋದೆವು. ಸ್ಪ್ಲಿಟ್ ರಾಕ್ ದಡದ ಕಲ್ಲಿನ ಮೇಲೆ ಕುಳಿತು, ಸರೋವರದ ನೀರನ್ನು ಬೊಗಸೆಯಲ್ಲಿ ಎತ್ತಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಮತ್ತೆ ನೀರಿಗೇ ಬಿಟ್ಟರು. ಯಾರಿಗೆಂದು ನಾವು ಕೇಳಲಿಲ್ಲ.

ಆ ವರ್ಷ ದೀಪಾವಳಿ ಅಕ್ಟೋಬರ್ ಮಧ್ಯದಲ್ಲೇ ಬಂತು. ನೀರು ತುಂಬುವ ಹಬ್ಬದ ದಿನವೇ ನಾನು ಟ್ರೇಲರ್ ಖಾಲಿ ಮಾಡಲು ನಿಂತೆ. "ಅಲ್ವೋ, ಹಬ್ಬದ ದಿನ ಹಂಡೆ ಬರಿದು ಮಾಡ್ತಾರೇನೋ?" ಎಂದರು ಅಮ್ಮ. ಹಂಡೆ ಎಂದದ್ದು ಸರಿಯೇ. ಟ್ರೇಲರಿನ ವಾಟರ್ ಹೀಟರ್ 6 ಗ್ಯಾಲನ್ನಿನ ಹಂಡೆ. ಅದನ್ನು ಆರಿಸಿ, ಪೂರ್ತಿ ತಣಿಯಲು ಬಿಟ್ಟು, ಒತ್ತಡ ಇಳಿಸಿ, ಆಮೇಲಷ್ಟೇ ಕೆಳಗಿನ ಬಿರಡೆ ತೆಗೆಯಬೇಕು; ಬಿಸಿಯಿದ್ದಾಗ ತೆಗೆದರೆ ಮುಖ ಸುಡುತ್ತದೆ. ಬಳಸಿದ ನೀರಿನ ಟ್ಯಾಂಕುಗಳನ್ನು ಕ್ಯಾಂಪಿನಲ್ಲೇ ಖಾಲಿ ಮಾಡಿದ್ದೆ. ಕುಡಿಯುವ ನೀರಿನ ಟ್ಯಾಂಕನ್ನೂ, ಕೊಳವೆಗಳ ಅತಿ ತಗ್ಗಿನ ಮುಚ್ಚಳಗಳನ್ನೂ ತೆರೆದು ನೀರು ಬಸಿದೆ. ಹೀಟರ್ ಒಳಗೆ ಏನೂ ಹೋಗದಂತೆ ಬೈಪಾಸ್ ವಾಲ್ವ್ ತಿರುಗಿಸಿದೆ.

ಉಳಿದ ಹನಿಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್. ಇದು ಪ್ರೊಪಿಲೀನ್ ಗ್ಲೈಕಾಲ್ ಇರುವ, ಕುಡಿಯುವ ನೀರಿನ ಕೊಳವೆಗೆಂದೇ ಮಾಡಿದ್ದು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಇಲ್ಲಿ ಬಳಸಲೇಬಾರದು. ಪಂಪಿನ ನಳಿಕೆಯನ್ನು ಡಬ್ಬಕ್ಕೆ ಇಳಿಸಿ, ಹತ್ತಿರದ ನಲ್ಲಿಯಿಂದ ದೂರದ್ದರವರೆಗೆ ಒಂದೊಂದಾಗಿ ತೆರೆದೆ. ಅಮ್ಮ ಪಟ್ಟಿ ಹಿಡಿದು, ಪೆನ್ಸಿಲಿನಿಂದ ಗುರುತು ಹಾಕುತ್ತಾ "ಗುಲಾಬಿ ಬಂತು" ಎನ್ನುತ್ತಿದ್ದರು. ಸಿಂಕುಗಳ ಕೆಳಗಿನ ಬಾಗು ಕೊಳವೆಗಳಿಗೂ, ಷವರ್ ತೂಬಿಗೂ ಒಂದೊಂದು ಲೋಟ ಸುರಿದೆ. ಎರಡೂವರೆ ಗ್ಯಾಲನ್ ಹಿಡಿಸಿತು. ಪಂಪ್ ಆರಿಸಲು ಹೋದಾಗ ಅಮ್ಮ ತಡೆದರು:

"ಹೊರಗಿನ ಷವರ್ ಬಿಟ್ಟೆಯಲ್ಲೋ?"

ನಿಜವಾಗಿಯೂ ಮರೆತಿದ್ದೆ, ಎರಡನೆಯ ಸಲ! ಹೊರಗೆ ಹೋಗಿ ಸಣ್ಣ ಬಾಗಿಲು ತೆರೆದು ಎರಡೂ ಕಡೆ ತಿರುಗಿಸಿದೆ. ಗುಲಾಬಿ ಬಂತು. ಅಮ್ಮ ಗುರುತು ಹಾಕಿದರು.

ಅಂದು ಸಂಜೆ ಮನೆಯ ಸ್ಟೀಲ್ ಕೊಳಗಕ್ಕೆ ಅಮ್ಮ ನೀರು ತುಂಬಿ, ಅಂಗಡಿಯಿಂದ ತಂದ ಸೇವಂತಿಗೆ ಸುತ್ತಿ ಪೂಜೆ ಮಾಡಿದರು. ಹೊರಗೆ ಬರಿದಾದ ಟ್ರೇಲರ್, ಒಳಗೆ ತುಂಬಿದ ಕೊಳಗ. ಆ ಪಟ್ಟಿ ಇಂದಿಗೂ ಬೀರುವಿನ ಬಾಗಿಲ ಮೇಲಿದೆ. ಪ್ರತಿ ವರ್ಷ ಹೊಸ ಗುರುತು ಹಾಕುವಾಗ ಹೊರಗಿನ ಷವರಿನಿಂದಲೇ ಶುರು ಮಾಡುತ್ತೇನೆ.