ಕೊಕ್ಕೋ ಬಿಲ್ಲೆ

ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಒಂದು ಚಾಳಿಯುಂಟು. ಯಾವ ಹೊಸ ವಸ್ತುವನ್ನು ಕಂಡರೂ ಮೊದಲು ಅದರ ಹೆಸರನ್ನು ವಿಚಾರಿಸುವರು. ಅನಂತರ ಅದು ಯಾವ ವರ್ಗಕ್ಕೆ ಸೇರತಕ್ಕದ್ದೆಂದು ನಿಶ್ಚಯಿಸುವರು. ಇವೆರಡೂ ಆಗುವವರೆಗೆ ಆ ವಸ್ತುವಿಗೆ ಲೋಕದಲ್ಲಿ ನೆಲೆಯಿಲ್ಲವೆಂದೇ ಅವರ ಭಾವನೆ. ನಮ್ಮ ಮನೆಯ ಅಡಿಗೆಯ ಕೋಣೆಗೆ ವಿದ್ಯುತ್ತಿನ ಓವನ್ನು ಬಂದು, ಸೊಸೆಯು ಅದರಲ್ಲಿ ‘ಕುಕ್ಕಿ’ಗಳನ್ನು ಬೇಯಿಸತೊಡಗಿದಂದಿನಿಂದ ನನಗೂ ಈ ಕೆಲಸ ಬಿದ್ದಿತು. ನಮ್ಮ ಸೀಮೆಯಲ್ಲಿ ಕುಕ್ಕೆ ಎಂದರೆ ಸುಬ್ರಹ್ಮಣ್ಯ ಕ್ಷೇತ್ರ. ಆ ಹೆಸರನ್ನು ಕೇಳಿದೊಡನೆ ನಮ್ಮ ಅಕ್ಕನು ಕೈಮುಗಿದು, “ಪ್ರಸಾದ ಬಂತೋ?” ಎಂದು ಕೇಳಿದಳು.

ಕುಕ್ಕಿಯೆಂಬುದು ಡಚ್ಚರ ಮಾತು. ಚಿಕ್ಕ ಕೇಕೆಂದು ಅರ್ಥ. ಬಿಸ್ಕತ್ತು ಲ್ಯಾಟಿನ್ ಮೂಲದ್ದು. ಎರಡು ಸಲ ಬೆಂದುದು, ಎಂದರೆ ದ್ವಿಪಕ್ವ. ಚಾಕೊಲೇಟಿನ ಚೂರುಗಳನ್ನು ಹಿಟ್ಟಿನಲ್ಲಿ ಕಲಸಿ ಬೇಯಿಸುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದವಳು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ವಸತಿಗೃಹವನ್ನು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬ ಗೃಹಿಣಿ. ಅದು 1930ರ ದಶಕದ ಮಾತು. ಆದರೆ ಹಿಟ್ಟಿನ ಬಿಲ್ಲೆಯನ್ನು ಬೇಯಿಸುವ ವಿದ್ಯೆ ನಮಗೆ ಹೊಸತೆಂದು ಯಾರೂ ತಿಳಿಯಬಾರದು. ಅಪೂಪವು ಋಗ್ವೇದದಲ್ಲಿಯೇ ಬಂದಿದೆ. ಅಮರಸಿಂಹನು ವೈಶ್ಯವರ್ಗದಲ್ಲಿ ಆಪೂಪಿಕನನ್ನೂ ಕಾಂದವಿಕನನ್ನೂ ಹೆಸರಿಸಿದ್ದಾನೆ. ಕಂದುವೆಂದರೆ ಹುರಿಯುವ, ಸುಡುವ ಪಾತ್ರೆ ಅಥವಾ ಒಲೆ. ಅದರಿಂದ ಬದುಕುವವನು ಕಾಂದವಿಕ. ಇಂದಿನ ಬೇಕರಿಯವನಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕೆ?

ಹೆಸರಿನ ವಿಚಾರವು ಹೀಗೆ ಸುಲಭವಾಗಿ ತೀರಿತು. ತಿನ್ನುವ ವಿಚಾರವು ಅಷ್ಟು ಸುಲಭವಾಗಿರಲಿಲ್ಲ. ಸೊಸೆಯು ಮೊದಲ ಸಲ ಮಾಡಿದ ಬಿಲ್ಲೆಗಳನ್ನು ಮನೆಮಂದಿಯೆಲ್ಲ ತಿಂದು ಮೆಚ್ಚಿದೆವು. ಅಕ್ಕನು ಮಾತ್ರ, “ಅಂಗಡಿಯ ಚಾಕೊಲೇಟು ಅಲ್ಲವೋ ಅದು? ನೀವು ತಿನ್ನಿ ಮಗಾ” ಎಂದು ಹೇಳಿ ತನ್ನ ಜಪಕ್ಕೆ ಎದ್ದುಹೋದಳು.

ಅಕ್ಕನಿಗೆ ಈಗ ಎಪ್ಪತ್ತೇಳು ವರ್ಷ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆ ಕಾಲದಲ್ಲಿ ಲೋಕವು ಅವಳಿಂದ ಅನೇಕ ವಸ್ತುಗಳನ್ನು ಕೇಳದೆಯೇ ಕಿತ್ತುಕೊಂಡಿತು. ಹೊರಗಿನ ತಿಂಡಿಯೊಂದನ್ನು ಮಾತ್ರ ಅವಳು ತಾನಾಗಿ ಬಿಟ್ಟಳು. ಮನೆಯ ಒಲೆಯಲ್ಲಿ, ಮನೆಯವರ ಕೈಯಲ್ಲಿ ಆಗದುದನ್ನು ಅವಳು ಐವತ್ತೈದು ವರ್ಷಗಳಿಂದ ಮುಟ್ಟಿದವಳಲ್ಲ. ಕಿರಿಯರು ಇದನ್ನು ಮೂಢಾಚಾರವೆಂದು ನಗುವುದುಂಟು. ನನಗೆ ನಗು ಬರುವುದಿಲ್ಲ. ಅವಳ ಬಾಳಿನಲ್ಲಿ ಅವಳೇ ಗೊತ್ತುಮಾಡಿಕೊಂಡ ಕಟ್ಟಳೆ ಇದೊಂದೇ. ಅದನ್ನು ವಾದದಿಂದ ಬಿಡಿಸಲು ನಾವು ಯಾರು?

ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ನಮ್ಮ ತಂದೆಯವರು 1970ರ ದಶಕದಲ್ಲಿ ಅಡಕೆಯ ಮರಗಳ ನಡುವೆ ಕೊಕ್ಕೋ ಗಿಡಗಳನ್ನು ಹಾಕಿಸಿದರು. ಅಂದಿನಿಂದ ಕಾಯಿ ಒಡೆದು ಬೀಜ ತೆಗೆಯುವ ಕೆಲಸ ಅಕ್ಕನ ಪಾಲಿನದು. 1980ರ ದಶಕದ ಆರಂಭದಲ್ಲಿ ಬೆಲೆ ಕುಸಿದು ಎಷ್ಟೋ ಜನ ಗಿಡಗಳನ್ನು ಕಡಿದೆಸೆದರು, ಅಕ್ಕನು ಕಡಿಯಗೊಡಲಿಲ್ಲ. ಮುಂದೆ 1986ರಲ್ಲಿ ಕ್ಯಾಂಪ್ಕೊ ಸಂಸ್ಥೆಯು ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆದ ಮೇಲೆ ಬೆಳೆಗೆ ಒಂದು ಗತಿಯಾಯಿತು. ಅಳಿಲು ಬಂದು ಕಾಯಿಯನ್ನು ಕೊರೆದು ತಿರುಳಿನ ಸಿಹಿಯನ್ನು ಚೀಪುವುದು. ಬೀಜವು ಕಿಲೋ ಲೆಕ್ಕದಲ್ಲಿ ಮಾರಾಟಕ್ಕೆ ಹೋಗುವುದು. ಒಡೆದವಳ ಬಾಯಿಗೆ ಅದರ ರುಚಿಯೇ ಇಲ್ಲ. ಲಿನೇಯಸ್ ಪಂಡಿತನು 1753ರಲ್ಲಿ ಈ ಗಿಡಕ್ಕೆ ಗ್ರೀಕ್ ಭಾಷೆಯಲ್ಲಿ ‘ದೇವತೆಗಳ ಆಹಾರ’ ಎಂದರ್ಥವಾಗುವ ಥಿಯೊಬ್ರೋಮ ಎಂಬ ಹೆಸರನ್ನಿಟ್ಟನು. ದೇವಾನ್ನವನ್ನು ಬೆಳೆದವರೇ ಅದನ್ನು ಉಣ್ಣದಿರುವುದು ನಮ್ಮ ಮನೆಯೊಂದರ ಕಥೆಯಲ್ಲವಷ್ಟೆ.

ಸೊಸೆಯು ಬುದ್ಧಿವಂತೆ. ಅವಳು ವಾದಕ್ಕೆ ಹೋಗಲಿಲ್ಲ. ಮುಂದಿನ ಕೊಯಿಲಿನಲ್ಲಿ ಹತ್ತು ಕಿಲೋ ಹಸಿ ಬೀಜವನ್ನು ತೆಗೆದಿರಿಸಿ, “ದೊಡ್ಡತ್ತೇ, ಚಾಕೊಲೇಟನ್ನು ಮನೆಯಲ್ಲೇ ಮಾಡುವ, ನೀವೂ ಬನ್ನಿ” ಎಂದಳು. ಬುಟ್ಟಿಗೆ ಬಾಳೆಲೆ ಹಾಸಿ, ಬೀಜ ತುಂಬಿ, ಮೇಲೆ ಎಲೆಯನ್ನೂ ಗೋಣಿಯನ್ನೂ ಮುಚ್ಚಿದರು. ತಿರುಳಿನ ಸಕ್ಕರೆ ಹುಳಿತು ಮೊದಲು ಮದ್ಯವಾಗಿ, ಆಮೇಲೆ ಹುಳಿಯಾಗುವುದು. ಆ ಕಾವಿನಲ್ಲಿ ಬೀಜದ ಮೊಳಕೆ ಸಾಯುವುದು. ಮುಂದೆ ಚಾಕೊಲೇಟಿನ ಪರಿಮಳವಾಗತಕ್ಕ ದ್ರವ್ಯಗಳು ಆಗಲೇ ಹುಟ್ಟುವುವು. ಮೂರನೆಯ ದಿನ ಮತ್ತು ಐದನೆಯ ದಿನ ಬೀಜವನ್ನು ಮಗುಚಬೇಕು. ಉಪ್ಪಿನಕಾಯಿ ಭರಣಿಗಳ ಮರ್ಮವನ್ನು ಬಲ್ಲ ಅಕ್ಕನು ಕೈಯಿಟ್ಟು ಕಾವನ್ನು ನೋಡಿ ಆರನೆಯ ದಿನ “ಸಾಕು” ಎಂದಳು. ವಾರವೊಂದು ಬಿಸಿಲಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಗೆರಸೆಯಲ್ಲಿ ಗೇರಿ ಸಿಪ್ಪೆ ಹಾರಿಸಿ, ಕಲ್ಲಿನ ಗ್ರೈಂಡರಿನಲ್ಲಿ ಪುಡಿಸಕ್ಕರೆಯೊಡನೆ ದಿನವಿಡೀ ಅರೆದರು. ಬೀಜದ ಅರ್ಧದಷ್ಟು ಕೊಬ್ಬೇ ಆದುದರಿಂದ ಅದು ತಾನಾಗಿ ಲೇಹ್ಯವಾಗುತ್ತದೆ. ಒಂದು ಹನಿ ನೀರು ಬಿದ್ದರೂ ಗಂಟುಕಟ್ಟಿ ಕೆಡುವುದು. ಆರಿದ ಮೇಲೆ ಗಟ್ಟಿಯಾಯಿತು. ಅಂಗಡಿಯದರಷ್ಟು ನುಣುಪಿಲ್ಲ, ನಾಲಗೆಗೆ ತರಿತರಿ.

ಬಿಲ್ಲೆಯ ಅಳತೆಯನ್ನು ಕೇಳುವ ಗೃಹಿಣಿಯರಿಗಾಗಿ ಬರೆಯುತ್ತೇನೆ. ಬೆಣ್ಣೆ 120 ಗ್ರಾಂ, ಪುಡಿಸಕ್ಕರೆ 100 ಗ್ರಾಂ, ಇವೆರಡನ್ನೂ ಬಿಳುಪೇರುವವರೆಗೆ ನಾದುವುದು. ಮೊಟ್ಟೆಗೆ ಬದಲಾಗಿ ಎರಡು ಚಮಚ ಗಟ್ಟಿ ಮೊಸರು. ಗೋಧಿಹಿಟ್ಟು 200 ಗ್ರಾಂ, ಕಾಲು ಚಮಚ ಸೋಡಾ. ಚಾಕೊಲೇಟಿನ ಚೂರು 80 ಗ್ರಾಂ; ಒಣದ್ರಾಕ್ಷಿ, ಗೇರುಬೀಜ, ಸುಕೇಳಿ ಕೂಡಿ ಅಷ್ಟೇ. ಸುಕೇಳಿಯೆಂದರೆ ಒಣಗಿಸಿದ ಬಾಳೆಹಣ್ಣು. ಯಲ್ಲಾಪುರದ ಕಡೆಯ ಬಂಧುಗಳು ಕಳುಹಿಸಿದ್ದರು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ತಂಪಿನಲ್ಲಿರಿಸಿದರೆ ಬೆಣ್ಣೆ ಬಿಗಿದು, ಬಿಲ್ಲೆಗಳು ಹರಡಿಹೋಗುವುದಿಲ್ಲ. 170 ಡಿಗ್ರಿಯ ಕಾವಿನಲ್ಲಿ ಹದಿಮೂರು ಹದಿನಾಲ್ಕು ನಿಮಿಷ. ತೆಗೆಯುವಾಗ ಮೆತ್ತಗೇ ಇರಬೇಕು; ಆರಿದಂತೆ ಸಕ್ಕರೆಯೂ ಬೆಣ್ಣೆಯೂ ಬಿಗಿದು ಗರಿಯಾಗುತ್ತವೆ. ಗಟ್ಟಿಯಾಗಲೆಂದು ಒಲೆಯಲ್ಲಿಯೇ ಬಿಟ್ಟರೆ ಕಲ್ಲಾದೀತು.

ಬಿಲ್ಲೆಗಳು ಹೊರಬಂದಾಗ ಅಕ್ಕನು ಒಂದೊಂದಾಗಿ ಕೇಳಿದಳು. ಮೊಟ್ಟೆಯುಂಟೋ? ಇಲ್ಲ, ಮೊಸರು. ಸೋಡಾ ಎಂದರೆ ಎಂತದು? ನಿನ್ನ ಹಪ್ಪಳದ ಖಾರದ ದಾಯಾದಿ. ನೀರು ಹಾಕಿದ್ದೋ? ತೊಟ್ಟೂ ಇಲ್ಲ. ಕಡೆಗೆ ನನ್ನ ಕಡೆ ತಿರುಗಿ, “ತಮ್ಮಾ, ನೀನು ಓದಿದವನು. ಶಾಸ್ತ್ರ ಎಂತ ಹೇಳುತ್ತದೆ?” ಎಂದಳು.

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಇಷ್ಟು ತೂಕದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ತಿನ್ನು, ಇದರಲ್ಲೇನಿದೆ” ಎಂದಿದ್ದರೆ ಅವಳ ಐವತ್ತೈದು ವರ್ಷಗಳನ್ನು ತೂರಿಬಿಟ್ಟಂತಾಗುತ್ತಿತ್ತು. ಆದುದರಿಂದ ಇದ್ದುದನ್ನೇ ಹೇಳಿದೆನು. ಧರ್ಮಶಾಸ್ತ್ರಕಾರರು ಕಂದುಪಕ್ವವನ್ನು ಬೇರೆಯಾಗಿಯೇ ಎಣಿಸಿದ್ದಾರೆ. ನೀರಿನಲ್ಲಿ ಬೆಂದ ಅನ್ನಕ್ಕಿರುವ ಬಿಗಿ ಅದಕ್ಕಿಲ್ಲ. ಮೇಲಾಗಿ ಇದು ಮನೆಯ ಒಲೆ, ಮನೆಯ ಕೈ, ನೀನೇ ಒಡೆದ ಬೀಜ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೊದಲ ಬಿಲ್ಲೆಯನ್ನು ದೇವರ ಮುಂದಿರಿಸಿ, ಎರಡನೆಯದನ್ನು ಮುರಿದು ಬಾಯಿಗಿಟ್ಟಳು.

“ಕಹಿ ಉಂಟು” ಎಂದಳು. ಇನ್ನೊಂದು ಚೂರನ್ನು ತಿಂದಳು. “ಇಷ್ಟು ವರ್ಷ ಒಡೆದದ್ದು ಇದಕ್ಕೋ!”

ಆ ಮಾತಿನಲ್ಲಿ ಸಂತೋಷವೆಷ್ಟು, ವ್ಯಥೆಯೆಷ್ಟು ಎಂದು ನಾನು ಬಿಡಿಸಿ ನೋಡಲಿಲ್ಲ. ಅಂಗಡಿಯ ತಿಂಡಿಯನ್ನು ಅವಳು ಇಂದಿಗೂ ಮುಟ್ಟುವುದಿಲ್ಲ. ಆದರೆ ಬೀಜವನ್ನು ಮಾರಾಟಕ್ಕೆ ತೂಗುವ ದಿನ, ತಕ್ಕಡಿಗೆ ಹಾಕುವ ಮೊದಲೇ ಒಂದು ಬುಟ್ಟಿಯನ್ನು ಬದಿಗೆ ಸರಿಸಿ, “ಇದು ಮನೆಗೆ” ಎನ್ನುತ್ತಾಳೆ.