ದೊಮ್ಮಲೂರಿನಲ್ಲಿ ನೆನಪಾದ ಫ್ರೆಂಚ್ ಒದೆತ

ದೊಮ್ಮಲೂರು ಇಂದು ಅನೇಕರಿಗೆ ಒಂದು ಮೇಲ್ಸೇತುವೆಯ ಹೆಸರು ಮಾತ್ರ. ಆದರೆ ಊರು ಬಹು ಪ್ರಾಚೀನವಾದುದು. ಚೋಳರ ಕಾಲದ್ದೆನ್ನಲಾಗುವ ಇಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಇದರ ಹೆಸರು ತೊಂಬಲೂರು. 1809ರಲ್ಲಿ ಆಂಗ್ಲರ ದಂಡು ಬೆಂಗಳೂರಿನಲ್ಲಿ ನೆಲಸಿದ ಮೇಲೆ ಈ ಸೀಮೆಗೆ ಸಿಪಾಯಿಗಳ ನೆರೆಯೂ ದೊರೆಯಿತು.

ಇಲ್ಲಿಂದ ಇಂದಿರಾನಗರದ ನೂರಡಿ ರಸ್ತೆಯತ್ತ ನಡೆಯುವವರಿಗೆ ಈಗ ವ್ಯಾಯಾಮಶಾಲೆಗಳ ಫಲಕಗಳು ಕಾಣುತ್ತವೆ: ಕರಾಟೆ, ಕಿಕ್‌ಬಾಕ್ಸಿಂಗ್. ಮಕ್ಕಳನ್ನು ಸೇರಿಸಬಂದ ತಂದೆತಾಯಿಗಳು ಕೇಳುವ ಪ್ರಶ್ನೆಯೊಂದಿದೆ: 'ಇವುಗಳಲ್ಲಿ ಅಸಲಿಯಾದುದು ಯಾವುದು?' ಈ ಪ್ರಶ್ನೆಗೆ ಫ್ರಾನ್ಸಿನ 'ಸವಾತ್' ಒಳ್ಳೆಯ ಉತ್ತರ ಕೊಡುತ್ತದೆ.

ಸವಾತ್ ಎಂದರೆ ಸವೆದ ಹಳೆಯ ಪಾದರಕ್ಷೆ. ಪ್ಯಾರಿಸ್ಸಿನ ಬೀದಿಜಗಳಗಳ ಒದೆತವೂ ಮಾರ್ಸೇಲ್ ಬಂದರಿನ ನಾವಿಕರ ಕಾಲ್ಚಳಕವೂ ಇದರ ಬೇರುಗಳು. 1825ರ ಸುಮಾರಿಗೆ ಮಿಶೆಲ್ ಕಾಸ್ಸೆ ಎಂಬಾತ ಪ್ಯಾರಿಸ್ಸಿನಲ್ಲಿ ಇದಕ್ಕೊಂದು ಶಾಲೆ ತೆರೆದನು. ಆಗ ಕಾಲಿಗೆ ಒದೆತ, ಕೈಗೆ ಬರಿಯ ಅಂಗೈಯೇಟು. ಅವನ ಶಿಷ್ಯನಾದ ಶಾರ್ಲ್ ಲೆಕೂರ್ ಇಂಗ್ಲಿಷರ ಮುಷ್ಟಿಯುದ್ಧವನ್ನು ಕಲಿತು, ದೂರಕ್ಕೆ ಕಾಲು, ಸಮೀಪಕ್ಕೆ ಮುಷ್ಟಿ ಎಂದು ಎರಡನ್ನೂ ಕೂಡಿಸಿದನು. ಫ್ರೆಂಚರು ಹೆಮ್ಮೆಪಡುವ ಈ ವಿದ್ಯೆಯ ಅರ್ಧ ಭಾಗ ಎದುರಾಳಿ ದೇಶದಿಂದ ಪಡೆದ ಸಾಲ!

ಸಾಲ ಪಡೆದುದು ಸಾಲ ಕೊಡದಿರಲಿಲ್ಲ. ಸವಾತ್ ಬಲ್ಲ ಸ್ವಿಸ್ ಗುರು ಪಿಯೆರ್ ವಿನ್ಯಿ ಕೈಗೋಲಿನ ವರಸೆಯಲ್ಲಿಯೂ ನಿಪುಣ. ಲಂಡನ್ನಿನಲ್ಲಿ ಬಾರ್ಟನ್-ರೈಟ್ 1899ರಲ್ಲಿ ಪ್ರಕಟಿಸಿದ 'ಬಾರ್ಟಿತ್ಸು'ವಿನಲ್ಲಿ ಜಪಾನಿನ ಜುಜುತ್ಸುವಿನೊಡನೆ ಆಂಗ್ಲ ಮುಷ್ಟಿಯುದ್ಧ, ಸವಾತ್, ವಿನ್ಯಿಯ ಕೋಲುಗಳೂ ಬೆರೆತವು. ಷೆರ್ಲಾಕ್ ಹೋಮ್ಸನನ್ನು ಪ್ರಪಾತದ ಅಂಚಿನಲ್ಲಿ ಉಳಿಸಿತೆಂದು ಕಾನನ್ ಡಾಯ್ಲ್ 1903ರ ಕಥೆಯಲ್ಲಿ ಹೇಳುವ 'ಬಾರಿತ್ಸು' ಇದರ ಹೆಸರನ್ನೇ ಹೋಲುತ್ತದೆ.

ಅಲ್ಲಿಂದ ದಾರಿ ನಮ್ಮ ದೇಶಕ್ಕೂ ತಿರುಗಿತು. ಭಾರತದ ಪೊಲೀಸ್ ಸೇವೆಯಲ್ಲಿದ್ದ ಎಚ್. ಜಿ. ಲ್ಯಾಂಗ್ ಕೈಗೋಲಿನ ಆತ್ಮರಕ್ಷಣೆಯನ್ನು ಕುರಿತು 1923ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ವಿನ್ಯಿಯ ಪದ್ಧತಿಯೇ ಅದರ ತಳಹದಿ. ಆ ಗ್ರಂಥ ಮುಂದೆ ಹೀಬ್ರೂ ಭಾಷೆಗೂ ಇಳಿದು, 1940ರ ದಶಕದಲ್ಲಿ ಪ್ಯಾಲೆಸ್ಟೈನಿನ ಯಹೂದಿ ತರುಣರ ಶಿಕ್ಷಣಕ್ಕೆ ಒದಗಿತು. ಬ್ರೂಸ್ ಲೀ ತನ್ನ ಜೀತ್ ಕುನೆ ದೋ ರೂಪಿಸುವಾಗ ಪರಿಶೀಲಿಸಿದ ಪದ್ಧತಿಗಳಲ್ಲಿಯೂ ಸವಾತ್ ಇತ್ತು.

ಹಾಗೆಂದು ಒದೆತಗಳೆಲ್ಲವೂ ಫ್ರಾನ್ಸಿನವೆಂದರೆ ಅನ್ಯಾಯವಾದೀತು. ಕಿಕ್‌ಬಾಕ್ಸಿಂಗ್ ಎಂಬ ಹೆಸರು ಹುಟ್ಟಿದ್ದು 1960ರ ದಶಕದ ಜಪಾನಿನಲ್ಲಿ, ಕರಾಟೆ ಮತ್ತು ಥಾಯ್ ಮಲ್ಲರ ಮೊಯ್ ಥಾಯ್ ಸಂಧಿಸಿದಾಗ. ಥಾಯ್ ಮಲ್ಲ ಮೊಣಕಾಲು, ಮುಂಗಾಲಿನ ಎಲುಬುಗಳಿಂದಲೂ ಹೊಡೆಯುತ್ತಾನೆ; ಸವಾತ್ ಆಡುವವನು ಬೂಟು ತೊಟ್ಟ ಪಾದದಿಂದ ಮಾತ್ರ. ನೋಡುವ ಕಣ್ಣಿದ್ದರೆ ಎರಡೂ ಬೇರೆ ಬೇರೆಯೆಂದು ಕ್ಷಣದಲ್ಲೇ ತಿಳಿಯುತ್ತದೆ.

ಆದುದರಿಂದ ಫಲಕದ ಕೆಳಗೆ ನಿಂತ ತಂದೆತಾಯಿಗಳು ಅಸಲಿಯಾದುದನ್ನು ಹುಡುಕಿ ಬಳಲಬೇಕಾಗಿಲ್ಲ. ಕಲಿಸುವವನು ತಾನು ಯಾರಿಂದ ಏನು ಕಲಿತನೆಂದು ಸಂಕೋಚವಿಲ್ಲದೆ ಹೇಳಬಲ್ಲನೇ, ಮಗುವಿನ ಮೈಗೆ ಅಪಾಯವಾಗದಂತೆ ಕಲಿಸಬಲ್ಲನೇ ಎಂದು ವಿಚಾರಿಸಿದರೆ ಸಾಕು.